ಮೊದಲು ಕೇಳಿದ ಧಾಟಿ

ಈ ಸಲದ ದೀಪಾವಳಿಗೆ ಮುನ್ನ ಅಟ್ಟವನ್ನು ಗುಡಿಸುವ ಕಾರ್ಯವು ನನ್ನ ಪಾಲಿಗೆ ಬಂದಿತು. ಉದ್ಯೋಗದಿಂದ ನಿವೃತ್ತನಾದ ಗೃಹಸ್ಥನಿಗೆ ಮನೆಯಲ್ಲಿ ದೊರೆಯುವ ಮೊದಲನೆಯ ಬಡ್ತಿಯೇ ಇದು ಎಂಬುದನ್ನು ಅನುಭವಸ್ಥರಾದ ವಾಚಕರು ಬಲ್ಲರು. ಹಳೆಯ ಪಂಚಾಂಗಗಳು, ಹಿಡಿ ಮುರಿದ ಕೊಡೆ, ಯಾರದೋ ಮದುವೆಯ ಲಗ್ನಪತ್ರಿಕೆಗಳ ಕಟ್ಟು, ಇವುಗಳ ಅಡಿಯಲ್ಲಿ ಒಂದು ತಗಡಿನ ಡಬ್ಬಿ ಕಾಣಿಸಿತು. ತೆರೆದು ನೋಡಲಾಗಿ ಒಳಗೆ ಹತ್ತು ಹನ್ನೆರಡು ಧ್ವನಿಸುರುಳಿಗಳಿದ್ದವು. ಎಲ್ಲಕ್ಕೂ ಮೇಲಿದ್ದುದು ‘ನಿತ್ಯೋತ್ಸವ’. ಅದರ ಪಟ್ಟಿಯು ಸಡಿಲಗೊಂಡು ಒಂದು ಗೇಣು ಹೊರಗೆ ಜೋತುಬಿದ್ದಿದ್ದಿತು. ನಾನು ಏನನ್ನೂ ಯೋಚಿಸದೆ ಪೆನ್ಸಿಲೊಂದನ್ನು ಅದರ ಹಲ್ಲಿನ ರಂಧ್ರಕ್ಕೆ ಸೇರಿಸಿ ತಿರುವತೊಡಗಿದೆನು. ನಲವತ್ತು ವರ್ಷಗಳ ಹಿಂದಿನ ಅಭ್ಯಾಸವನ್ನು ಮನಸ್ಸು ಮರೆತಿದ್ದರೂ ಕೈ ಮರೆತಿರಲಿಲ್ಲ.

ಅಂದು ಸಂಜೆ ಎಂದಿನಂತೆ ನಮ್ಮ ಜಗಲಿಯ ಮೇಲೆ ಮಿತ್ರರು ಕೂಡಿದರು. ನಿವೃತ್ತರಾದ ಪೋಸ್ಟ್ ಮಾಸ್ಟರರು, ಅಡಕೆಯ ವ್ಯಾಪಾರ ಮಾಡುವ ನೆರೆಮನೆಯ ಯಜಮಾನರು, ನನ್ನೊಡನೆ ಬಹುಕಾಲ ಕೆಲಸಮಾಡಿದ ಗಣಿತದ ಮೇಷ್ಟರು, ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗ, ಇಷ್ಟು ಜನ. ನಾನು ಆ ಸುರುಳಿಯನ್ನು ನಡುವೆ ಇಟ್ಟು, “ಇದರ ವಿಷಯದಲ್ಲಿ ನಿಮ್ಮ ನಿಮ್ಮ ಅಭಿಪ್ರಾಯವೇನು?” ಎಂದು ಕೇಳಿದೆನು. ಕಾಫಿಯ ಲೋಟ ಬರಿದಾಗುವುದರೊಳಗೆ ಮುಗಿಯಬೇಕಾಗಿದ್ದ ಮಾತು ಊಟಕ್ಕೆ ಕರೆ ಬರುವವರೆಗೂ ನಡೆಯಿತು. ಒಂದು ಹಾಡಿನ ಅಭಿಮಾನಿಗಳು ಅದರ ವಿಷಯವಾಗಿ ಏನೆನ್ನುತ್ತಾರೆ, ಆ ಮಾತಿಗೆ ಬೆಲೆಯೆಷ್ಟು ಎಂಬುದು ಸಣ್ಣ ಪ್ರಶ್ನೆಯಂತೆ ತೋರಬಹುದು. ಆದರೆ ಅದರಿಂದ ನನಗೆ ಒಂದು ಹಳೆಯ ತಪ್ಪು ನೆನಪಾದುದರಿಂದ ಈ ತಿಂಗಳ ಲೇಖನಕ್ಕೆ ಅದನ್ನೇ ವಸ್ತುವಾಗಿ ಮಾಡಿಕೊಂಡಿದ್ದೇನೆ.

ಮೊದಲು ವಸ್ತುಸ್ಥಿತಿಯನ್ನು ಹೇಳಿಬಿಡುವೆನು. ‘ನಿತ್ಯೋತ್ಸವ’ ಧ್ವನಿಸುರುಳಿಯು ಹೊರಬಂದುದು 1978ರಲ್ಲಿ. ಕನ್ನಡದಲ್ಲಿ ಸುಗಮ ಸಂಗೀತದ ಮೊದಲನೆಯ ಧ್ವನಿಸುರುಳಿಯೆಂದು ಅದಕ್ಕೆ ಪ್ರಸಿದ್ಧಿ. ಕವಿತೆಗಳು ಕೆ. ಎಸ್. ನಿಸಾರ್ ಅಹಮದ್ ಅವರವು. ಅವಕ್ಕೆ ಧಾಟಿಯನ್ನು ಹೊಂದಿಸಿದವರು ಮೈಸೂರು ಅನಂತಸ್ವಾಮಿಗಳು. ಕವಿಗಳು ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿ, ಭೂವಿಜ್ಞಾನದ ಅಧ್ಯಾಪಕರಾಗಿ ಬಾಳಿ, 2020ರಲ್ಲಿ ಕಾಲವಾದರು. ಅನಂತಸ್ವಾಮಿಗಳು 1995ರಲ್ಲಿಯೇ ತೀರಿಕೊಂಡರು. ಇದಕ್ಕೆ ಮುಂಚೆ ಕವಿತೆಗಳನ್ನು ಹಾಡುವ ಪದ್ಧತಿ ಇರಲಿಲ್ಲವೆಂದಲ್ಲ. ಪಿ. ಕಾಳಿಂಗರಾಯರು ಊರೂರು ತಿರುಗಿ ಆಧುನಿಕ ಕವಿಗಳ ಪದ್ಯಗಳನ್ನು ಜನರ ಬಾಯಿಗೆ ತಂದಿದ್ದರು. ಆಕಾಶವಾಣಿಯ ಭದ್ರಾವತಿ ನಿಲಯದಿಂದ ಭಾವಗೀತೆಗಳು ನಮ್ಮ ಸೀಮೆಗೂ ಕೇಳಿಬರುತ್ತಿದ್ದವು. ಆದರೆ ಸಭೆಯ ಹಾಡು ಸಭೆಯೊಡನೆ ಮುಗಿಯುತ್ತಿದ್ದಿತು; ಆಕಾಶವಾಣಿಯ ಹಾಡು ಅವರು ಹಾಕಿದಾಗ ಬರುತ್ತಿದ್ದಿತೇ ಹೊರತು ನಾವು ಬೇಡಿದಾಗ ಬರುತ್ತಿರಲಿಲ್ಲ. ಧ್ವನಿಸುರುಳಿಯಿಂದ ಆದ ವ್ಯತ್ಯಾಸವು ಇದು: ಗೃಹಸ್ಥನು ತನ್ನ ಮನೆಯಲ್ಲಿ, ತನಗೆ ಬೇಕಾದ ಹೊತ್ತಿನಲ್ಲಿ, ಒಂದೇ ಹಾಡನ್ನು ಹತ್ತು ಸಲ ಕೇಳುವ ಸ್ವಾತಂತ್ರ್ಯವನ್ನು ಪಡೆದನು. ಹತ್ತು ಸಲ ಕೇಳಿದ್ದು ನಮ್ಮದೇ ಆಗಿಬಿಡುತ್ತದೆ. ನಮ್ಮದಾದ ಮೇಲೆ ಅದಕ್ಕಾಗಿ ಜಗಳವಾಡುವ ಹಕ್ಕೂ ಬರುತ್ತದೆ.

ಪೋಸ್ಟ್ ಮಾಸ್ಟರರು ಮೊದಲು ಮಾತೆತ್ತಿದರು. ಅವರ ವಾದವು ಇಷ್ಟು: ಕವಿತೆಯಿರುವುದು ಓದುವುದಕ್ಕೆ, ಅದಕ್ಕೆ ಧಾಟಿಯನ್ನು ತೊಡಿಸಿದೊಡನೆ ಕಿವಿ ತಣಿಯುತ್ತದೆ, ಬುದ್ಧಿ ಮಲಗುತ್ತದೆ. “ಆ ಶೀರ್ಷಿಕೆಯ ಹಾಡಿನಲ್ಲಿ ಜೋಗ ಬರುತ್ತದೆ, ತುಂಗೆ ಬರುತ್ತದೆ, ಸಹ್ಯಾದ್ರಿಯ ಅದಿರು ಬರುತ್ತದೆ. ನಮ್ಮ ಮೊಮ್ಮಗ ಮೂರು ವರ್ಷದಿಂದ ಶಾಲೆಯಲ್ಲಿ ಹಾಡುತ್ತಿದ್ದಾನೆ. ಅದಿರು ಎಂದರೆ ಏನಪ್ಪಾ ಎಂದು ನಿನ್ನೆ ಕೇಳಿದರೆ, ಒಂದು ಜಾತಿಯ ಹಕ್ಕಿ ತಾತ ಎಂದ!” ಎಂದು ಅವರು ತೊಡೆಯನ್ನು ತಟ್ಟಿದರು. ನಾವೆಲ್ಲರೂ ನಕ್ಕೆವು. ಆದರೆ ಮಾತು ಹಗುರವಾದುದಲ್ಲ. ಕವಿಗಳು ಭೂವಿಜ್ಞಾನಿಗಳಾದುದರಿಂದಲೇ ಬೆಟ್ಟದ ಮೇಲಿನ ಹಸುರನ್ನು ಮಾತ್ರವಲ್ಲದೆ ಒಡಲೊಳಗಿನ ಲೋಹವನ್ನೂ ಕಂಡರು. ಕಬ್ಬಿಣದ ಅದಿರನ್ನು ಅಗೆಯುವ ನಮ್ಮ ಜಿಲ್ಲೆಯಲ್ಲಿಯೇ, ಅದಿರಿನ ಲಾರಿಗಳನ್ನು ಕಂಡಿರುವ ಹುಡುಗನಿಗೇ, ಆ ಶಬ್ದವು ಹಕ್ಕಿಯಾಗಿ ಹಾರಿಹೋಗಿದ್ದಿತು.

ಅಡಕೆಯ ಯಜಮಾನರಿಗೆ ಈ ತರ್ಕವೊಂದೂ ಬೇಡ. “ಹಾಡು ಕೇಳಿದರೆ ನನಗೆ ಕಣ್ಣಲ್ಲಿ ನೀರು ಬರುತ್ತದೆ ಮೇಷ್ಟ್ರೇ, ಇನ್ನೇನು ಬೇಕು?” ಎಂದರು. ಅವರು ಸರಳ ಹೃದಯದವರು, ಸಂದೇಹವಿಲ್ಲ. ಆದರೆ ಅವರಿಗೆ ಸಿನಿಮಾದ ಹಾಡಿಗೂ ಕಣ್ಣೀರು ಬರುತ್ತದೆ, ಚುನಾವಣೆಯ ಗಾಡಿಯ ಮೇಲಿನ ಹಾಡಿಗೂ ಬರುತ್ತದೆ ಎಂಬುದು ಊರಿಗೇ ಗೊತ್ತು.

ಗಣಿತದ ಮೇಷ್ಟರು ಸಿ. ಅಶ್ವತ್ಥರ ಪಕ್ಷದವರು. 2005ರಲ್ಲಿ ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಅಶ್ವತ್ಥರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ರಾತ್ರಿಯ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದವರು. ಅಲ್ಲಿ ಕಂಡ ಜನಸಾಗರವನ್ನು ಅಂದಿನಿಂದ ಇಂದಿನವರೆಗೂ ವರ್ಣಿಸುತ್ತಿರುವವರು. “ಅನಂತಸ್ವಾಮಿಗಳದು ಹಾಲು ಸಕ್ಕರೆ, ಒಪ್ಪುತ್ತೇನೆ. ಅಶ್ವತ್ಥರದು ರೊಟ್ಟಿಯ ಮೇಲಿನ ಕೆಂಪು ಖಾರ. ಹೊಟ್ಟೆ ತುಂಬುವುದು ಯಾವುದರಿಂದ, ನೀವೇ ಹೇಳಿ” ಎಂದು ಸವಾಲು ಹಾಕಿದರು. ಚರ್ಚೆಯು ‘ನಿತ್ಯೋತ್ಸವ’ದ್ದಾಗಿದ್ದರೂ ಅವರು ಅದರ ಒಂದು ಹಾಡನ್ನಾದರೂ ಹೆಸರಿಸಲಿಲ್ಲ.

ನನ್ನ ಸೋದರಳಿಯನು ಸುಮ್ಮನಿದ್ದವನು ಕೊನೆಗೆ, “ನನಗೆ ಆ ಹಾಡು ಎಂದರೆ ಬಿಸಿಲು ನೆನಪಾಗುತ್ತದೆ ಮಾವ” ಎಂದನು. “ಪ್ರತಿ ನವೆಂಬರ್ ಒಂದರಂದು ಮೈದಾನದಲ್ಲಿ ನಿಲ್ಲಿಸಿ ಹಾಡಿಸುತ್ತಿದ್ದಿರಿ. ನನ್ನ ಪಾಲಿಗೆ ಕನ್ನಡದ ಹಾಡು ಹಾಡಾದದ್ದು ರಘು ದೀಕ್ಷಿತರ ಗಿಟಾರು ಕೇಳಿದ ಮೇಲೆ.” ಜಗಲಿಯ ಮೇಲೆ ಒಂದು ಕ್ಷಣ ನಿಶ್ಶಬ್ದವಾಯಿತು. ಪೋಸ್ಟ್ ಮಾಸ್ಟರರೂ ಗಣಿತದ ಮೇಷ್ಟರೂ ಅಂದು ಮೊದಲ ಬಾರಿಗೆ ಒಂದೇ ಪಕ್ಷಕ್ಕೆ ಸೇರಿದರು.

ಸಂಸ್ಕೃತವನ್ನೋದಿದ ನನ್ನಂಥವನಿಗೆ ಇಂಥ ಸಂದರ್ಭದಲ್ಲಿ ರಾಜಶೇಖರನ ನೆನಪಾಗುವುದು ಸ್ವಾಭಾವಿಕ. ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಈ ಕವಿಯು ‘ಕಾವ್ಯಮೀಮಾಂಸೆ’ಯೆಂಬ ಗ್ರಂಥದಲ್ಲಿ ಪ್ರತಿಭೆಯನ್ನು ಎರಡಾಗಿ ವಿಂಗಡಿಸಿದನು. ರಚಿಸುವವನ ಪ್ರತಿಭೆಯೊಂದು, ಸವಿಯುವವನ ಪ್ರತಿಭೆಯೊಂದು. ಸವಿಯುವವನಿಗೂ ಪ್ರತಿಭೆ ಬೇಕು ಎಂಬುದೇ ದೊಡ್ಡ ಮಾತು. ಅನಂತರ ಸವಿಯುವವರಲ್ಲಿ ನಾಲ್ಕು ಬಗೆಯವರನ್ನು ಹೇಳಿದನು. ಅರೋಚಕಿಗಳೆಂದರೆ ಯಾವುದೂ ರುಚಿಸದವರು. ಸತೃಣಾಭ್ಯವಹಾರಿಗಳೆಂದರೆ ಅನ್ನದೊಡನೆ ಹುಲ್ಲನ್ನೂ ಸೇರಿಸಿ ಉಣ್ಣುವವರು. ಬಡಿಸಿದ್ದೆಲ್ಲವೂ ಅವರಿಗೆ ಮೃಷ್ಟಾನ್ನ. ಮತ್ಸರಿಗಳೆಂದರೆ ಗುಣವು ಕಣ್ಣೆದುರಿಗಿದ್ದರೂ ಪಕ್ಷಪಾತದಿಂದ ಕಾಣದವರು. ತತ್ತ್ವಾಭಿನಿವೇಶಿಗಳೆಂದರೆ ವಸ್ತುವಿನ ನಿಜವನ್ನು ಹಿಡಿಯಬೇಕೆಂದು ಮನಸ್ಸಿಟ್ಟವರು; ಇವರು ಅತಿ ವಿರಳ. ನಾನು ಈ ನಾಲ್ಕನ್ನೂ ವಿವರಿಸಿ, ನಮ್ಮ ಜಗಲಿಯ ಮೇಲೆ ಮೊದಲ ಮೂರು ಬಗೆಯವರು ಪ್ರತ್ಯಕ್ಷರಾಗಿದ್ದಾರೆ ಎಂದು ಪರಿಹಾಸ ಮಾಡಿದೆನು. ನಾಲ್ಕನೆಯ ಪೀಠವನ್ನು ಯಾರಿಗಾಗಿ ಕಾದಿರಿಸಿದೆನೆಂದು ವಾಚಕರು ಊಹಿಸಬಲ್ಲರು.

ಗಣಿತದ ಮೇಷ್ಟರು ಸೋಲುವವರಲ್ಲ. ಅವರು ನಾಡಗೀತೆಯ ವಿಷಯವನ್ನು ತೆಗೆದರು. ಕುವೆಂಪು ಅವರ ಗೀತೆಯು 2004ರಲ್ಲಿ ನಾಡಗೀತೆಯಾಯಿತು. ಆದರೆ ಅದನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ವಿವಾದವು ಬಹುಕಾಲ ನಡೆಯಿತು. ಅನಂತಸ್ವಾಮಿಗಳ ಧಾಟಿಯೊಂದು, ಅಶ್ವತ್ಥರ ಧಾಟಿಯೊಂದು. ಎರಡಕ್ಕೂ ಲಕ್ಷಾಂತರ ಅಭಿಮಾನಿಗಳು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರವು ಅನಂತಸ್ವಾಮಿಗಳ ಧಾಟಿಯಲ್ಲಿಯೇ, ಎರಡು ನಿಮಿಷ ಮೂವತ್ತು ಸೆಕೆಂಡಿನೊಳಗೆ, ಗೀತೆಯನ್ನು ಪೂರ್ಣವಾಗಿ ಹಾಡಬೇಕೆಂದು ಆಜ್ಞೆ ಹೊರಡಿಸಿತು. ಇದನ್ನು ಒಪ್ಪದವರು ಉಚ್ಚ ನ್ಯಾಯಾಲಯದವರೆಗೂ ಹೋದರು. 2024ರಲ್ಲಿ ಅಲ್ಲಿ ಅವರ ಅರ್ಜಿಯು ನಿಲ್ಲಲಿಲ್ಲ. ಆಜ್ಞೆ ಹೊರಡುವ ಹೊತ್ತಿಗೆ ಧಾಟಿಯನ್ನು ಮಾಡಿದ ಇಬ್ಬರೂ ಇರಲಿಲ್ಲ. ಅಶ್ವತ್ಥರು 2009ರಲ್ಲಿ ತೀರಿಕೊಂಡಿದ್ದರು. ಸಂಗೀತಗಾರರು ಹೋದ ಮೇಲೂ ಅಭಿಮಾನಿಗಳ ವ್ಯಾಜ್ಯವು ಉಳಿಯಿತು.

“ಎರಡರಲ್ಲಿ ಯಾವುದು ಮೇಲೆಂದು ನಿಮಗೆ ತೋರುತ್ತದೆ?” ಎಂದು ನಾನು ಕೇಳಿದೆನು. “ಅಶ್ವತ್ಥರದು; ಅದರಲ್ಲೇನು ಸಂದೇಹ?” ಎಂದರು. “ಅದನ್ನು ಮೊದಲು ಕೇಳಿದುದು ಎಲ್ಲಿ?” ಎಂದೆನು. ಅವರು ಸ್ವಲ್ಪ ಯೋಚಿಸಿ, ತಾವು ಶಿಕ್ಷಕರ ತರಬೇತಿಯಲ್ಲಿದ್ದಾಗ ಗೆಳೆಯನೊಬ್ಬನು ಹಾಡಿದನೆಂದೂ, ಆ ಗೆಳೆಯನು ಈಗ ಇಲ್ಲವೆಂದೂ ಹೇಳಿ ಮೌನವಾದರು. ನನಗೆ ಅನಂತಸ್ವಾಮಿಗಳ ಧಾಟಿಯೇ ಸರಿಯೆಂದು ತೋರುವುದಕ್ಕೆ ಕಾರಣವೂ ಇಂಥದೇ. ನಾವು ಧಾಟಿಗಾಗಿ ವಾದಿಸುತ್ತೇವೆಂದು ತಿಳಿದಿದ್ದೇವೆ. ವಾಸ್ತವದಲ್ಲಿ ಅದನ್ನು ಮೊದಲು ಕೇಳಿದ ದಿನಕ್ಕಾಗಿ, ಆಗ ಪಕ್ಕದಲ್ಲಿ ಕುಳಿತಿದ್ದವರಿಗಾಗಿ ವಾದಿಸುತ್ತಿರುತ್ತೇವೆ. ಮೊದಲು ಕೇಳಿದ್ದು ಮೂಲವೆನಿಸುತ್ತದೆ; ಆಮೇಲೆ ಬಂದದ್ದೆಲ್ಲವೂ ಕೆಡಿಸಿದ್ದೆನಿಸುತ್ತದೆ.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ರೋಗವಲ್ಲವೆಂದು ನನ್ನ ಸೋದರಳಿಯನು ಒಂದು ವೃತ್ತಾಂತವನ್ನು ಹೇಳಿದನು. ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾದಲ್ಲಿ ‘ಗ್ರೀನ್ ಡೇ’ ಎಂಬ ಮೂವರು ಹುಡುಗರ ಮೇಳವೊಂದಿದ್ದಿತು. ಪಂಕ್ ಎಂಬ ವೇಗವಾದ, ಒರಟಾದ ಸಂಗೀತಕ್ಕೆ ಇಂಪಾದ ಧಾಟಿಯನ್ನು ಬೆರೆಸಿ ಹಾಡುವುದು ಅವರ ರೀತಿ. ಬರ್ಕ್ಲಿ ನಗರದ ಗಿಲ್ಮನ್ ಬೀದಿಯ ಒಂದು ಸಣ್ಣ ಸಭಾಂಗಣದಲ್ಲಿ ಅವರು ಬೆಳೆದರು. ದೊಡ್ಡ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡ ಮೇಳಗಳಿಗೆ ಅಲ್ಲಿ ಅವಕಾಶವಿಲ್ಲವೆಂಬುದು ಆ ಸ್ಥಳದ ನಿಯಮ. ಈ ಹುಡುಗರು ದೊಡ್ಡ ಕಂಪನಿಯೊಂದನ್ನು ಸೇರಿ 1994ರಲ್ಲಿ ‘ಡೂಕಿ’ ಎಂಬ ಗೀತಸಂಪುಟವನ್ನು ಹೊರತಂದರು. ಅದು ಅಮೆರಿಕಾದಲ್ಲಿಯೇ ಒಂದು ಕೋಟಿ ಪ್ರತಿಗಳನ್ನು ದಾಟಿತು. ಆದರೆ ಅವರನ್ನು ಮೊದಲು ಕೇಳಿದ್ದ ಹಳೆಯ ಅಭಿಮಾನಿಗಳು ದ್ರೋಹವಾಯಿತೆಂದು ಮುಖ ತಿರುಗಿಸಿದರು. 1994ರಲ್ಲಿ ಮೊದಲು ಕೇಳಿದವರಿಗಾದರೋ ಅದೇ ಆದಿ, ಅದೇ ಪ್ರಮಾಣಗ್ರಂಥ. “ಅಂದು ಕೇಳಿ ಕುಣಿದ ಹುಡುಗರಿಗೆ ಈಗ ತಲೆ ನರೆತಿದೆ ಮಾವ. ಈಗಿನ ಹಾಡುಗಳಲ್ಲಿ ಏನಿದೆ ಎಂದು ಅವರೂ ತಮ್ಮ ಮಕ್ಕಳನ್ನು ಗದರಿಸುತ್ತಿರುತ್ತಾರೆ” ಎಂದು ಅವನು ನಕ್ಕನು. ಆ ಸಂಗೀತವನ್ನು ನಾನು ಕೇಳಿದವನಲ್ಲ, ಕೇಳುವ ಆಸೆಯೂ ಇಲ್ಲ. ಆದರೆ ಬರ್ಕ್ಲಿಯ ಬೀದಿಗೂ ಭರಮಸಾಗರದ ಜಗಲಿಗೂ ಇಷ್ಟು ಸಾಮ್ಯವಿರುವುದೆಂದು ನಾನು ಎಣಿಸಿರಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನಾನು ಗೆದ್ದಂತೆಯೇ. ಆದರೆ ಗಣಿತದ ಮೇಷ್ಟರು ಏಳುವಾಗ ಮೆಲ್ಲನೆ, “ಮೇಷ್ಟ್ರೇ, ನಾಲ್ಕನೆಯ ಪೀಠದಲ್ಲಿ ಕೂರುವುದಕ್ಕೆ ಮುಂಚೆ 2009ರ ರಾಜ್ಯೋತ್ಸವವನ್ನು ಸ್ವಲ್ಪ ನೆನಪಿಸಿಕೊಳ್ಳಿ” ಎಂದರು. ನನಗೆ ಅಂದು ರಾತ್ರಿ ನಿದ್ರೆ ಬರಲಿಲ್ಲ.

ಆ ವರ್ಷ ನಾನು ಕೆಲಸಮಾಡುತ್ತಿದ್ದ ಶಾಲೆಯಲ್ಲಿ ಸಾಂಸ್ಕೃತಿಕ ಕಾರ್ಯಕ್ರಮದ ಹೊಣೆ ನನ್ನ ಮೇಲಿದ್ದಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಶಿಶುನಾಳ ಶರೀಫರ ಪದವೊಂದನ್ನು ಹಾಡುವೆನೆಂದು ಹೆಸರು ಕೊಟ್ಟಿದ್ದನು. ಶರೀಫಸಾಹೇಬರ ಪದವೆಂದರೆ ಸಂತೋಷವೇ. 1819ರಲ್ಲಿ ಹುಟ್ಟಿ 1889ರಲ್ಲಿ ಮುಕ್ತರಾದ ಆ ಸಂತರು ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಕಟ್ಟಿದ ತತ್ತ್ವಪದಗಳನ್ನು ಯಾರು ತಾನೆ ಬೇಡವೆನ್ನುವರು? 1990ರಲ್ಲಿ ನಾಗಾಭರಣರ ಚಲಚ್ಚಿತ್ರವು ಬಂದ ಮೇಲಂತೂ ಅಶ್ವತ್ಥರ ಧಾಟಿಯಲ್ಲಿ ಅವು ಮನೆಮಾತಾಗಿದ್ದವು. ಆದರೆ ಪೂರ್ವಾಭ್ಯಾಸದ ದಿನ ಹುಡುಗನು ಯಾರಿಂದಲೋ ಎರವಲು ತಂದ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಬಂದನು. ಅವನು ಹಾಡಹೊರಟದ್ದು ಗುಡುಗುಡಿಯ ಪದ. ರೀತಿಯು ರಘು ದೀಕ್ಷಿತರದು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನು ಕಲಿತು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದ ಈ ಗಾಯಕರ ಮೊದಲ ಗೀತಸಂಪುಟವು 2008ರಲ್ಲಿ ಹೊರಬಂದು ಹುಡುಗರ ಬಾಯಲ್ಲೆಲ್ಲ ಅದೇ ಆಗಿದ್ದಿತು. ಈ ವಿವರವೊಂದೂ ನನಗೆ ಆಗ ತಿಳಿದಿರಲಿಲ್ಲ. ತಿಳಿಯಬೇಕೆಂಬ ಇಚ್ಛೆಯೂ ಇರಲಿಲ್ಲ.

ನಾನು ಎರಡು ಸಾಲು ಹಾಡುವುದರೊಳಗೆ ನಿಲ್ಲಿಸಿದೆನು. “ಸಂತರ ಪದವನ್ನು ಕುಣಿತಕ್ಕೆ ಇಳಿಸಬೇಡ. ಇದು ಹಾಡನ್ನು ಕೆಡಿಸುವುದು” ಎಂದು ಗದರಿಸಿದೆನು. ಹುಡುಗನು ತಲೆ ತಗ್ಗಿಸಿ, “ಸಾರ್, ನೀವು ಅದನ್ನು ಪೂರ್ತಿ ಕೇಳಿದ್ದೀರಾ?” ಎಂದನು. ಅದನ್ನು ನಾನು ಎದುರು ಮಾತೆಂದು ತಿಳಿದೆನು. ಅವನ ಹೆಸರನ್ನು ಪಟ್ಟಿಯಿಂದ ತೆಗೆದೆನು. ಆ ವರ್ಷ ಅವನ ಸ್ಥಾನದಲ್ಲಿ ನಾಲ್ವರು ಹುಡುಗಿಯರು ‘ನಿತ್ಯೋತ್ಸವ’ವನ್ನು ಹಾಡಿದರು.

ಹಾಸಿಗೆಯಲ್ಲಿ ಹೊರಳುತ್ತಿದ್ದಾಗ ನನಗೆ ಇನ್ನೊಂದು ದಿನವೂ ನೆನಪಾಯಿತು. 1982ರಲ್ಲಿ, ನಾನು ಹದಿನೇಳು ವರ್ಷದವನಾಗಿದ್ದಾಗ, ನನ್ನ ಅಣ್ಣನು ಬೆಂಗಳೂರಿನಿಂದ ಒಂದು ಟೇಪ್ ರೆಕಾರ್ಡರನ್ನೂ ಇದೇ ಸುರುಳಿಯನ್ನೂ ತಂದನು. ನನ್ನ ತಂದೆಯವರು ಸಂಸ್ಕೃತ ಪಂಡಿತರು. ಸಂಜೆಯ ಹೊತ್ತು ಕುಮಾರವ್ಯಾಸಭಾರತವನ್ನು ಗಮಕದ ರೀತಿಯಲ್ಲಿ ವಾಚಿಸುತ್ತಿದ್ದವರು. ಅವರು ಹೊಸ್ತಿಲಲ್ಲಿ ನಿಂತು ಒಂದು ಹಾಡಿನ ಅರ್ಧವನ್ನು ಕೇಳಿ, “ಪದ್ಯವನ್ನು ಹೀಗೆ ವಾದ್ಯದ ಗದ್ದಲದಲ್ಲಿ ಕೆಡಿಸುತ್ತಾರೆಯೇ?” ಎಂದು ಒಳಗೆ ಹೋದರು. ನನಗೆ ಅಂದು ಎಷ್ಟು ಸಂಕಟವಾಗಿದ್ದಿತು! ಷಟ್ಪದಿಯನ್ನು ರಾಗವಾಗಿ ಹಾಡುವವರೇ ಪದ್ಯವನ್ನು ಹಾಡಬಾರದೆನ್ನುತ್ತಾರಲ್ಲ ಎಂದು ಅಣ್ಣನೊಡನೆ ಹೇಳಿಕೊಂಡಿದ್ದೆನು. ಇಪ್ಪತ್ತೇಳು ವರ್ಷಗಳ ಅನಂತರ ಅದೇ ಹೊಸ್ತಿಲಿನಲ್ಲಿ ನಾನು ನಿಂತಿದ್ದೆನು. ಶಬ್ದ ಕೂಡ ಬದಲಾಗಿರಲಿಲ್ಲ: ‘ಕೆಡಿಸುವುದು’. ರಾಜಶೇಖರನ ಮೂರನೆಯ ಬಗೆಯವನು ಯಾರೆಂದು ಹುಡುಕಿಕೊಂಡು ಜಗಲಿಯವರೆಗೂ ಹೋಗಬೇಕಾಗಿರಲಿಲ್ಲ.

ಮರುದಿನ ಬೆಳಗ್ಗೆ ಸೋದರಳಿಯನಿಗೆ, “ಆ ಗುಡುಗುಡಿಯ ಪದವನ್ನು ಹಾಕಪ್ಪ” ಎಂದೆನು. ಅವನು ತನ್ನ ಮೊಬೈಲಿನಲ್ಲಿ ಹಾಕಿದನು. ಮೊದಲ ಸಲ ಕೇಳಿದಾಗ ತಾಳದ ಹೊಡೆತವೇ ಕಿವಿಯನ್ನು ತುಂಬಿತು. ಎರಡನೆಯ ಸಲ ಪಿಟೀಲು ಕೇಳಿಸಿತು. ಮೂರನೆಯ ಸಲ ಶರೀಫರು ಕೇಳಿಸಿದರು.

ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮನೆಯಾಕೆಯು, “ಪರವಾಗಿಲ್ಲವಲ್ಲ, ಮಾತು ಮುರಿದಿಲ್ಲ” ಎಂದಳು. ಹಾಗೆಂದರೇನೆಂದು ಕೇಳಿದೆನು. ಆಕೆ ಸಂಗೀತವನ್ನು ಯಾರಲ್ಲಿಯೂ ಕಲಿತವಳಲ್ಲ. ಆದರೆ ಚಿಕ್ಕಂದಿನಿಂದ ಬೀಸುವಾಗ, ತೊಟ್ಟಿಲು ತೂಗುವಾಗ, ಆರತಿ ಬೆಳಗುವಾಗ ಹಾಡುತ್ತ ಬಂದವಳು. “ಹಾಡುವವರಿಗೆ ಉಸಿರು ಎಲ್ಲಿ ಬರುತ್ತದೆ ನೋಡಬೇಕು. ಮಾತು ಮುಗಿದ ಕಡೆ ಉಸಿರಿಗೆ ಜಾಗವಿದ್ದರೆ ಧಾಟಿ ಮಾಡಿದವರು ಮಾತನ್ನು ಓದಿಕೊಂಡಿದ್ದಾರೆ. ಮಾತಿನ ನಡುವೆ ಕತ್ತರಿಸಿದ್ದರೆ ಓದಿಕೊಂಡಿಲ್ಲ. ಗಿಟಾರಾದರೇನು, ಹಾರ್ಮೋನಿಯಮ್ಮಾದರೇನು?” ಎಂದು ಹೇಳಿ ಒಗ್ಗರಣೆಯ ಕಡೆಗೆ ಹೋದಳು. ಜಗಲಿಯ ಮೇಲೆ ನಾಲ್ವರು ಗಂಡಸರು ಮೂರು ಗಂಟೆಯ ಕಾಲ ಮಾತನಾಡಿದರೂ ಹೊಳೆಯದಿದ್ದ ಒಂದು ಪ್ರಮಾಣವು ಇದು. ನಾಲ್ಕನೆಯ ಪೀಠವು ಅಡಿಗೆಮನೆಯಲ್ಲಿದ್ದಿತು.

ಆಕೆಯ ಪ್ರಮಾಣವನ್ನು ಹಿಡಿದು ನಾನು ‘ನಿತ್ಯೋತ್ಸವ’ದ ಶೀರ್ಷಿಕೆಯ ಹಾಡನ್ನೂ ಮತ್ತೆ ಕೇಳಿದೆನು. ಅನಂತಸ್ವಾಮಿಗಳು ಊರುಗಳ, ನದಿಗಳ, ಬೆಟ್ಟಗಳ ಹೆಸರುಗಳನ್ನು ಅವಸರವಿಲ್ಲದೆ ಒಂದೊಂದಾಗಿ ನಮ್ಮ ಮುಂದೆ ಇಡುವರು. ಅದು ಮೆರವಣಿಗೆಯಂತೆ ಸಾಗುವುದರಿಂದಲೇ ಮೈದಾನದಲ್ಲಿ ನೂರು ಮಕ್ಕಳು ಒಟ್ಟಾಗಿ ಹಾಡಬಲ್ಲರು. ಪೋಸ್ಟ್ ಮಾಸ್ಟರರ ಆಕ್ಷೇಪಣೆಯು ಸತ್ಯವಾದರೂ ತಪ್ಪು ಧಾಟಿಯದಲ್ಲ, ಅದಿರನ್ನು ತೋರಿಸದೆ ಹಾಡಿಸಿದ ನನ್ನಂಥ ಉಪಾಧ್ಯಾಯರದು. ತುಂಗೆಯ ವಿಷಯವೂ ಹಾಗೆಯೇ. ನಮ್ಮ ಊರಿನ ದೊಡ್ಡ ಕೆರೆಗೆ ಕೆಲವು ವರ್ಷಗಳಿಂದ ತುಂಗಭದ್ರೆಯ ನೀರನ್ನು ಕೊಳವೆಯಲ್ಲಿ ಏರಿಸಿ ತುಂಬುತ್ತಿದ್ದಾರೆ. ಹಾಡಿನ ತುಂಗೆಯು ಕೆರೆಯ ಏರಿಯವರೆಗೂ ಬಂದಿದ್ದಾಳೆಂದು ಒಬ್ಬ ಮೇಷ್ಟರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದರೆ, ಆ ಹಾಡು ಬಿಸಿಲಿನ ನೆನಪಾಗಿ ಉಳಿಯುತ್ತಿರಲಿಲ್ಲವೇನೋ.

ಇನ್ನು ರಘು ದೀಕ್ಷಿತರ ಹಾಡಿನಲ್ಲಿ ನನಗೆ ಒಪ್ಪಿಗೆಯಾಗದ ಅಂಶವೂ ಉಂಟು. ಶರೀಫರ ಪದವು ಹೊಗೆಯನ್ನು ಹೇಳುತ್ತ ದೇಹವನ್ನು ಸೂಚಿಸುತ್ತದೆ. ಕೇಳುವವನು ಅರೆಗಳಿಗೆ ನಿಂತು ಆ ಸೂಚನೆಯನ್ನು ಹಿಡಿಯಬೇಕು. ಈ ವೇಗದಲ್ಲಿ ನಿಲ್ಲುವುದಕ್ಕೆ ಎಡೆ ಕಡಮೆ. ಇದು ನನ್ನ ಅಭಿಪ್ರಾಯ. ಆದರೆ ಹಾಡನ್ನು ಪೂರ್ತಿಯಾಗಿ ಮೂರು ಸಲ ಕೇಳಿದ ಮೇಲಿನ ಅಭಿಪ್ರಾಯವಾದುದರಿಂದ ಇದನ್ನು ಹೇಳುವ ಅಧಿಕಾರವು ನನಗೆ ಈಗ ಬಂದಿದೆ. 2009ರಲ್ಲಿ ಇರಲಿಲ್ಲ.

ಆ ಹುಡುಗನು ಈಗ ಹೆದ್ದಾರಿಯ ಬದಿಯಲ್ಲಿ ಟಯರಿನ ಅಂಗಡಿ ಇಟ್ಟಿದ್ದಾನೆ. ಹಬ್ಬದ ಮರುವಾರ ನಾನು ಅಲ್ಲಿಗೆ ಹೋದೆನು. ಕೈಯನ್ನು ಬಟ್ಟೆಗೆ ಒರಸಿಕೊಳ್ಳುತ್ತ ಎದ್ದು ಬಂದು ನಮಸ್ಕಾರ ಮಾಡಿ, ಕುರ್ಚಿಯನ್ನು ತಂದಿಟ್ಟನು. ನಾನು ಹೆಚ್ಚು ಪೀಠಿಕೆಯಿಲ್ಲದೆ, “ನೀನು ಅಂದು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಬಂದೆನಪ್ಪಾ. ಆಗ ಕೇಳಿರಲಿಲ್ಲ. ಈಗ ಪೂರ್ತಿ ಕೇಳಿದೆ. ಅಂದು ನಿನ್ನನ್ನು ಗದರಿಸಿದ್ದು ತಪ್ಪಾಯಿತು” ಎಂದೆನು. ಅವನು ಒಂದು ಕ್ಷಣ ನನ್ನನ್ನೇ ನೋಡಿ, “ಅಯ್ಯೋ, ಅದೆಲ್ಲ ಮರೆತೇ ಹೋಗಿತ್ತು ಸಾರ್” ಎಂದನು. ಸ್ವಲ್ಪ ಹೊತ್ತಿನ ಮೇಲೆ, ಲಾರಿಯ ಚಕ್ರದ ಕಡೆಗೆ ತಿರುಗಿಕೊಂಡು, “ನೀವು ಗದರಿಸಲಿಲ್ಲ ಸಾರ್. ನಕ್ಕಿರಿ. ಎಲ್ಲರೂ ನಕ್ಕರು” ಎಂದನು.

ಅದು ನನ್ನ ನೆನಪಿನಲ್ಲಿರಲಿಲ್ಲ. ಅವನ ನೆನಪಿನಲ್ಲಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಇದ್ದಿತು. ಈಗಲೂ ಹಾಡುತ್ತೀಯಾ ಎಂದು ಕೇಳುವ ಧೈರ್ಯವು ನನಗೆ ಬರಲಿಲ್ಲ. ಅವನು ತರಿಸಿದ ಚಹವನ್ನು ಕುಡಿದು ಎದ್ದು ಬಂದೆನು.

ವಾಚಕರಲ್ಲಿ ಅನೇಕರ ಮನೆಯಲ್ಲಿ ಹರೆಯದ ಮಕ್ಕಳಿರುವರು. ಅವರ ಕಿವಿಗೆ ಯಾವುದೋ ತಂತಿ ಸಿಕ್ಕಿಸಿಕೊಂಡಿರುವುದು. ಅವರು ಕೇಳುವುದೆಲ್ಲವನ್ನೂ ಮೆಚ್ಚಬೇಕೆಂದು ನಾನು ಹೇಳುವುದಿಲ್ಲ. ಹುಲ್ಲನ್ನು ಅನ್ನವೆನ್ನುವುದೂ ದೋಷವೇ. ತೂಗಿ ನೋಡಿ, ಬೇಡವೆನಿಸಿದರೆ ಬೇಡವೆನ್ನಿರಿ, ಕಾರಣವನ್ನು ಕೊಡಿರಿ, ವಾದಮಾಡಿರಿ. ಆದರೆ ಅದಕ್ಕೆ ಮುಂಚೆ ಆ ತಂತಿಯ ಒಂದು ತುದಿಯನ್ನು ನೀವೂ ಕಿವಿಗೆ ಇಟ್ಟುಕೊಂಡು ಹಾಡನ್ನು ಕೊನೆಯವರೆಗೆ ಕೇಳಿರಿ. ಅಲ್ಲಿಯವರೆಗೆ ನಗಬೇಡಿರಿ. ನಾವು ಹಾಡನ್ನು ಕುರಿತು ನಕ್ಕೆವೆಂದು ತಿಳಿದಿರುತ್ತೇವೆ. ಮಗುವು ತನ್ನನ್ನು ಕುರಿತು ನಕ್ಕರೆಂದು ತಿಳಿಯುತ್ತದೆ.

ಸುರುಳಿಯನ್ನು ಸರಿಯಾಗಿ ಸುತ್ತಿ ಮತ್ತೆ ಡಬ್ಬಿಯಲ್ಲಿಟ್ಟಿದ್ದೇನೆ. ಅದನ್ನು ನುಡಿಸುವ ಯಂತ್ರವು ಮನೆಯಲ್ಲಿಲ್ಲ. ಆದರೂ ಅಟ್ಟಕ್ಕೆ ಕಳುಹಿಸಲು ಮನಸ್ಸಾಗಲಿಲ್ಲ.